ಸಾಕ್ಷಿ ಹೇಳುವ ಪ್ಯಾಂಟು

ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲುವುದರೊಳಗೆ ಕೆಲಸ ಮುಗಿಯಬೇಕಿತ್ತು. ಡ್ರೈವಿಂಗ್ ಮೇಷ್ಟ್ರು ಬೀರುವಿನ ಬಾಗಿಲನ್ನು ಮೆಲ್ಲಗೆ ತೆಗೆದು, ತಮ್ಮದೇ ಹಳೇ ಪ್ಯಾಂಟನ್ನು ಕದ್ದು, ಚೀಲಕ್ಕೆ ತುರುಕಿದರು. ಹೆಂಡತಿ ತಲೆ ಒರೆಸಿಕೊಳ್ಳುತ್ತಾ ಹೊರಬರುವಷ್ಟರಲ್ಲಿ ಅವರು ಬೀದಿಯ ತಿರುವಿನಲ್ಲಿದ್ದರು.

ಅದು ಅಂತಿಂಥ ಪ್ಯಾಂಟಲ್ಲ. ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿಗೆ ಮುಂಚೆ ಮೇಷ್ಟ್ರು ತೊಡುತ್ತಿದ್ದದ್ದು. ಆಪರೇಷನ್ ಆದ ಮೇಲೆ ಅವರು ಎಷ್ಟು ಇಳಿದರೆಂದರೆ, ಅದರ ಒಂದೇ ಕಾಲಿನೊಳಗೆ ಇಡೀ ಮನುಷ್ಯ ಹಿಡಿಸುತ್ತಿದ್ದರು. ಡಾಕ್ಟರಿಗೆ ಹಿಗ್ಗೋ ಹಿಗ್ಗು. ಅಂದಿನಿಂದ ಆಸ್ಪತ್ರೆಯ ವಾರ್ಷಿಕ ಸಮಾರಂಭದಲ್ಲಿ ಇದೊಂದು ಪದ್ಧತಿಯಾಯಿತು. ಮೇಷ್ಟ್ರು ವೇದಿಕೆ ಹತ್ತಿ ತಮ್ಮ ಎರಡೂ ಕಾಲನ್ನು ಪ್ಯಾಂಟಿನ ಎಡಗಾಲಿಗೆ ತೂರಿಸುವುದು, ಖಾಲಿ ಉಳಿದ ಬಲಗಾಲನ್ನು ಸಭೆಯತ್ತ ಬೀಸುವುದು, ಜನ ಚಪ್ಪಾಳೆ ತಟ್ಟುವುದು. ಸಮಾರಂಭಕ್ಕೆ ಮುಂಚೆ ಆಸ್ಪತ್ರೆಯವರೇ ಪ್ಯಾಂಟನ್ನು ತರಿಸಿಕೊಂಡು, ಒಗೆಸಿ, ಇಸ್ತ್ರಿ ಮಾಡಿಸಿ ಇಡುತ್ತಿದ್ದರು. ಅದಕ್ಕೆ ಅಷ್ಟು ಮರ್ಯಾದೆ.

ಆದರೆ ಹೋದ ತೂಕ, ಮುನಿಸಿಕೊಂಡು ಹೋಗಿದ್ದ ನೆಂಟನ ಹಾಗೆ, ಹೇಳದೆ ಕೇಳದೆ ವಾಪಸ್ ಬರತೊಡಗಿತು. ಕಲಿಸುವ ಕಾರಿನ ಸೀಟು ಮೆಲ್ಲಮೆಲ್ಲಗೆ ಹಿಂದೆ ಸರಿಯಿತು. ಮನೆಯ ತೂಕದ ಯಂತ್ರ ಏನೇನೋ ಹೇಳಿತು. ಮೇಷ್ಟ್ರು ಅದನ್ನು ಮಂಚದಡಿಗೆ ತಳ್ಳಿದರು. ವೇದಿಕೆಯ ಮೇಲೆ ಪ್ಯಾಂಟಿನ ಕಾಲು ವರ್ಷ ವರ್ಷವೂ ಸಲೀಸಾಗಿ ಹತ್ತುತ್ತಿರುವಾಗ ಯಂತ್ರದ ಮಾತು ಯಾರಿಗೆ ಬೇಕು? ಯಂತ್ರ ಕೆಡುತ್ತದೆ, ಬಟ್ಟೆ ಸುಳ್ಳು ಹೇಳುತ್ತದೆಯೇ? ಹಾಗಂದುಕೊಂಡರೂ ತಪಾಸಣೆಗೆ ಹೋಗುವುದನ್ನು ಬಿಟ್ಟುಬಿಟ್ಟಿದ್ದರು. ಅಲ್ಲೂ ಒಂದು ಯಂತ್ರವಿತ್ತು.

ಈ ವರ್ಷ ಮಾತ್ರ ಮನಸ್ಸು ತಡೆಯದೆ ಮನೆಯಲ್ಲೇ ಒಮ್ಮೆ ಎರಡೂ ಕಾಲನ್ನು ಎಡಗಾಲಿಗೆ ತೂರಿಸಿ ನೋಡಿದರು. ಪ್ಯಾಂಟು ತೊಡೆಯ ಹತ್ತಿರ ಬಂದು ನಿಂತುಬಿಟ್ಟಿತು. ಎಳೆದರು, ಕುಪ್ಪಳಿಸಿದರು, ಉಸಿರು ಬಿಗಿಹಿಡಿದರು. ಜಪ್ಪಯ್ಯ ಅಂದರೂ ಮೇಲೆ ಬರಲಿಲ್ಲ. ಇದು ಸಭೆಯ ಮುಂದೆ ಆಗಿದ್ದರೆ? ತನ್ನನ್ನು ನೋಡಿ ಧೈರ್ಯ ತಂದುಕೊಂಡವರು ಏನೆಂದುಕೊಳ್ಳುತ್ತಿದ್ದರು? ಮೇಷ್ಟ್ರಿಗೆ ಅಳುವೇ ಬಂತು. ತಾವು ಸಣ್ಣಗಾಗಲು ಸಮಯವಿರಲಿಲ್ಲ. ಪ್ಯಾಂಟನ್ನು ದೊಡ್ಡದು ಮಾಡಿಸಲು ಇತ್ತು.

ದರ್ಜಿ ಪ್ಯಾಂಟನ್ನು ಮೇಜಿನ ತುಂಬ ಹರಡಿ, ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದ.

"ಸಾರ್, ನೀವು ಹಾಕ್ಕೊಂಡಿರೋದೇ ಉಸಿರು ಕಟ್ಟಿ ನಿಂತಿದೆ. ಅದನ್ನ ಬಿಟ್ಟು ಈ ಗುಡಾರಾನ ಲೂಸ್ ಮಾಡಿ ಅಂತೀರಲ್ಲ?"

"ಎಡಗಾಲು ಮಾತ್ರ. ಯಾಕೆ ಅಂತ ಕೇಳಬೇಡಿ."

ದರ್ಜಿ ಒಂದಿಷ್ಟು ಹೊಲಿಗೆ ಬಿಚ್ಚಿ, ಒಳಗೆ ಬೆರಳಾಡಿಸಿ, ತಲೆ ಕೆರೆದುಕೊಂಡ.

"ಇನ್ನು ಬಿಡೋಕೆ ಒಳಗೆ ಬಟ್ಟೆಯೇ ಇಲ್ಲ ಸಾರ್. ಈ ಗೆರೆ ನೋಡಿ, ಯಾರೋ ಸ್ವಲ್ಪ ಸ್ವಲ್ಪವೇ ಲೂಸ್ ಮಾಡ್ತಾ ಬಂದಿದ್ದಾರೆ. ಅದೂ ಎಂಥಾ ಹೊಲಿಗೆ! ಒಂದೊಂದು ಹೊಲಿಗೆಗೂ ಒಂದೊಂದು ಗಂಟು. ಈ ನೀಲಿ ದಾರ ಹಲ್ಲಲ್ಲಿ ಕಚ್ಚಿದ್ರೂ ಹರೀತಿಲ್ಲ. ಯಾರೋ ತಲೆಕೆಟ್ಟವರ ಕೆಲಸ."

ಮೇಷ್ಟ್ರ ಕಣ್ಣು ತುಂಬಿತು. ಗಂಟು! ಸಕ್ಕರೆ ಪೊಟ್ಟಣಕ್ಕೆ, ಕಸದ ಚೀಲಕ್ಕೆ, ಸಿಕ್ಕಿದ್ದಕ್ಕೆಲ್ಲ ಗಂಟಿನ ಮೇಲೆ ಗಂಟು ಹಾಕುವ ಹೆಂಗಸು ಅವರ ಮನೆಯಲ್ಲೇ ಇದ್ದಳು. ಗಂಡನ ಮಾನ ಉಳಿಸಲು ಅವಳು ವರ್ಷ ವರ್ಷವೂ ಕದ್ದು ಕೂತು ಹೊಲಿದಿದ್ದಾಳೆ! ಮೇಷ್ಟ್ರು ಪ್ಯಾಂಟನ್ನು ಎದೆಗವಚಿಕೊಂಡು ಮನೆಗೆ ಬಂದರು.

"ಪ್ಯಾಂಟು ಎಲ್ಲಿಗೆ ಹೋಗಿತ್ತು ರೀ?" ಹೆಂಡತಿ ಕೇಳಿದಳು. "ಇನ್ನೂ ಯಾಕೆ ಕಳಿಸಿಲ್ಲ ಅಂತ ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು."

"ನಿನಗೆ ಎಲ್ಲಾ ಗೊತ್ತಿತ್ತು, ಅಲ್ವಾ?"

"ಏನು, ನೀವು ಮತ್ತೆ ದಪ್ಪಗಾಗಿರೋದಾ? ಒಂದೇ ಮಂಚದಲ್ಲಿ ಮಲಗ್ತೀವಲ್ರೀ. ನೀವು ಮಗ್ಗುಲು ಬದಲಾಯಿಸಿದ್ರೆ ನಾನು ಎದ್ದು ಕೂತಿರ್ತೀನಿ."

"ಮತ್ತೆ ಒಂದು ಮಾತೂ ಆಡಲಿಲ್ಲ?"

"ನೊಂದ್ಕೋತೀರಿ ಅಂತ. ಇನ್ನಾದ್ರೂ ಹೋಗಿ ಡಾಕ್ಟರ ಹತ್ರ ಹೇಳ್ಕೊಳ್ಳಿ. ಮುಚ್ಚಿಟ್ಟು ಏನು ಸಾಧಿಸ್ತೀರಿ?"

ಹೊಲಿಗೆಯ ಸುದ್ದಿಯನ್ನು ಅವಳು ಎತ್ತಲಿಲ್ಲ. ಮೇಷ್ಟ್ರೂ ಎತ್ತಲಿಲ್ಲ. ಇಂಥ ಉಪಕಾರವನ್ನು ಬಾಯಿಬಿಟ್ಟು ಕೇಳಬಾರದು ಅನಿಸಿತು.

ಡಾಕ್ಟರ ಕೋಣೆಯಲ್ಲಿ ಅವರು ಕೂರಲೂ ಇಲ್ಲ. ಪ್ಯಾಂಟನ್ನು ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಹೇಳಿಬಿಟ್ಟರು.

"ಡಾಕ್ಟ್ರೇ, ಇಳಿದಿದ್ದ ತೂಕ ಬಹುಪಾಲು ವಾಪಸ್ ಬಂದಿದೆ. ನಿಮಗೆ ಮೋಸ ಆಗಿದೆ. ಈ ಪ್ಯಾಂಟನ್ನ ವರ್ಷ ವರ್ಷ ಲೂಸ್ ಮಾಡಿದ್ದಾರೆ. ತಪ್ಪೆಲ್ಲಾ ನಂದು. ನನ್ನ ಹೆಂಡತೀನ ಮಾತ್ರ ಏನೂ ಅನ್ನಬೇಡಿ."

ಡಾಕ್ಟರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ತಪಾಸಣೆಗೆ ಯಾಕೆ ಬರಲಿಲ್ಲ?"

"ನಾಚಿಕೆ ಆಯ್ತು."

"ನಾಚಿಕೆ ಯಾಕ್ರೀ? ಎಷ್ಟೋ ಜನಕ್ಕೆ ಹೀಗಾಗುತ್ತೆ. ಬಂದಿದ್ರೆ ಏನಾದ್ರೂ ದಾರಿ ಹುಡುಕಬಹುದಿತ್ತು." ಡಾಕ್ಟರು ಕಿಟಕಿಯ ಕಡೆ ನೋಡಿದರು. "ನಾನೂ ಕರೆದು ಕೇಳಬೇಕಿತ್ತು. ಹೋಗಲಿ, ನಾಳೆಯಿಂದಲೇ ಶುರು ಮಾಡೋಣ. ವೇದಿಕೆ ಮೇಲೂ ಈ ಸಲ ಇದ್ದದ್ದನ್ನ ಇದ್ದ ಹಾಗೇ ಹೇಳಿಬಿಡೋಣ. ಹೇಗೂ ಬಟ್ಟೆ ಮುಗಿದುಹೋಗಿದೆ."

ಮೇಷ್ಟ್ರಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಡಾಕ್ಟರು ಪ್ಯಾಂಟನ್ನು ಎತ್ತಿ ಬೆಳಕಿಗೆ ಹಿಡಿದರು. ದರ್ಜಿ ಬಿಚ್ಚಿದ ಜಾಗ ಕಣ್ಣಿಗೆ ಬಿದ್ದದ್ದೇ ತಡ, ಅವರ ಮುಖ ಕಪ್ಪಿಟ್ಟಿತು.

"ಯಾವನ್ರೀ ಇದನ್ನ ಬಿಚ್ಚಿದ್ದು? ಆಪರೇಷನ್ ಥಿಯೇಟರಿನ ಬಾಗಿಲು ಹಾಕ್ಕೊಂಡು, ಒಂದೊಂದು ಗಂಟನ್ನೂ ನನ್ನ ಕೈಯಾರೆ ಹಾಕಿದ್ದೆ!"