ರಿಫಾಯಿಯ ಹೊಸ ಹೆಬ್ಬೆರಳು

"ಗಟ್ಟಿಯಾಗಿ ಹಿಡೀಬೇಕು ಡಾಕ್ಟ್ರಮ್ಮ. ಜಾರಬಾರದು," ಅಂದ ರಿಫಾಯಿ.

ಏನನ್ನು ಎಂದು ಇನ್ಸಾಫ್ ಕೇಳಲಿಲ್ಲ. ಹಗೆತನಕ್ಕೆ ಹೆಸರಾದ ಅಸ್ಯೂತಿನಲ್ಲಿ ಹುಟ್ಟಿ ಬೆಳೆದವಳು ಅಂಥದ್ದನ್ನು ಕೇಳುವುದಿಲ್ಲ. ನಾಡಕೋವಿ ಸಿಡಿದು ಅವನ ಬಲಗೈ ಹೆಬ್ಬೆರಳು ಹಾರಿಹೋಗಿತ್ತು. ವೈದ್ಯರು ಕಾಲಿನ ಹೆಬ್ಬೆರಳನ್ನೇ ನರ, ರಕ್ತನಾಳ ಸಮೇತ ತೆಗೆದು ಅಲ್ಲಿ ಕೂಡಿಸಿದ್ದರು. ಆ ಬೆರಳಿಗೆ ಹಿಡಿಯುವುದನ್ನು ಕಲಿಸುವುದು ಇನ್ಸಾಫಳ ಕೆಲಸ.

ಮದುವೆ ಮೆರವಣಿಗೆಯಲ್ಲಿ ಸಂತೋಷಕ್ಕೆ ಹಾರಿಸಿದ್ದು ಅಂತ ಅವನು ಹೇಳಿದ್ದ. ಕೋವಿ ಹಿಡಿದವರೆಲ್ಲ ಹೇಳುವುದು ಅದನ್ನೇ. ಬದಾರಿ ಮನೆತನಕ್ಕೂ ತಮಗೂ ರಕ್ತದ ಹಗೆ ಇದೆಯೆಂದು ಅವನ ತಾಯಿ ಬಾಯಿಬಿಟ್ಟಾಗ ಇನ್ಸಾಫಳಿಗೆ ಎಲ್ಲ ಹೊಳೆದುಹೋಯಿತು. ಮೊದಲ ಸಲ ಗುರಿ ತಪ್ಪಿದೆ, ಎರಡನೆಯದಕ್ಕೆ ತಯಾರಿ ನಡೆದಿದೆ. ಅವಳ ಚಿಕ್ಕಪ್ಪನನ್ನೂ ಹೀಗೇ ಕಬ್ಬಿನ ಗದ್ದೆಯ ಬದುವಿನಲ್ಲಿ ಕೆಡವಿದ್ದರು. ಕೊಂದವನು ಆ ಬೆಳಿಗ್ಗೆ ಅವಳ ಅಪ್ಪನ ಜೊತೆ ಕೂತು ಚಹಾ ಕುಡಿದಿದ್ದ.

ರಬ್ಬರ್ ಚೆಂಡು ಹಿಸುಕಲು ರಿಫಾಯಿಗೆ ಮನಸ್ಸಿರಲಿಲ್ಲ. ಮಡಿಸಿದ ಹಾಸಿಗೆ ಬಟ್ಟೆಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ಬರಿಗಾಲಲ್ಲಿ ಕುಂಟುತ್ತ ಕೋಣೆಯ ಉದ್ದಕ್ಕೂ ನಡೆಯುತ್ತಿದ್ದ. ಆ ಮಡಿಕೆಯೊಳಗೆ ಏನೇನು ಅಡಗಿಸಬಹುದು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಚಪ್ಪಲಿ ಹಾಕ್ಕೊಳಪ್ಪ. ಗಾಯ ಇನ್ನೂ ಹಸಿ."

"ಅಲ್ಲಿ ಚಪ್ಪಲಿ ನಡಿಯಲ್ಲ."

"ಸದ್ದಾಗುತ್ತೆ ಅಂತಾನಾ?"

ಅವನು ನೆಲ ನೋಡಿದ. "ರಂಜಾನ್ ಒಳಗೆ ಮುಗಿಸ್ಬೇಕು. ಅಮ್ಮ ಕಣ್ತುಂಬ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ."

ಅಂದಿನಿಂದ ಇನ್ಸಾಫ್ ಕಳ್ಳಾಟಕ್ಕಿಳಿದಳು. ಬಲ ಬರಿಸುವ ವ್ಯಾಯಾಮಗಳನ್ನು ಬಿಟ್ಟಳು. ಬಿಸಿನೀರಲ್ಲಿ ಅದ್ದುವುದು, ಮೆಲ್ಲಗೆ ನೀವುವುದು, ಅಷ್ಟೇ. "ನಿಮ್ಮ ಕೈಗುಣ ದೊಡ್ಡದು," ಅನ್ನುತ್ತಿದ್ದ ಅವನು. ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೆ ಇವನ ಬೆರಳು ಸೋತರೆ ಇನ್ನೊಬ್ಬನ ಜೀವ ಉಳಿಯುತ್ತದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ರಂಜಾನ್ ಹತ್ತಿರವಾಗುತ್ತಿದ್ದಂತೆ ಅವನು ಬರುವುದು ನಿಂತಿತು. ಒಂದು ಮಧ್ಯಾಹ್ನ ತಾಯಿ ಒಬ್ಬಳೇ ಬಂದು ಬೆಂಚಿನ ಮೇಲೆ ಕುಸಿದಳು.

"ಬೆರಳು ಹಿಡೀಲಿಲ್ಲ ಡಾಕ್ಟ್ರಮ್ಮ."

ಇನ್ಸಾಫಳಿಗೆ ಹೋದ ಜೀವ ಬಂದಂತಾಯಿತು. "ಹಿಡೀದೇ ಇದ್ದದ್ದೇ ಒಳ್ಳೇದಾಯ್ತು ತಾಯಿ. ಒಂದು ಜೀವ ಉಳೀತು."

ಮುದುಕಿ ಅವಳನ್ನೇ ದಿಟ್ಟಿಸಿದಳು.

"ಯಾವ ಜೀವ? ಆ ಮದುವೇಲಿ ಕೋವಿ ಸಿಡಿದಾಗ ನನ್ನ ಮಗನ ಗುಂಡು ತಗುಲಿ ಬದಾರಿಯವರ ಹುಡುಗ ಅವತ್ತೇ ಸತ್ತ. ಪೊಲೀಸರ ಹತ್ರ ಎರಡು ಮನೆಯವರೂ ಬಾಯಿ ಬಿಡಲಿಲ್ಲ. ಕ್ಷಮಿಸೋಕೆ ಹಿರಿಯರು ಅವರನ್ನ ಒಪ್ಪಿಸಿದ್ರು. ಪದ್ಧತಿಯಂತೆ ಇವನು ತನ್ನ ಹೆಣದ ಬಟ್ಟೆ ತಾನೇ ಎರಡೂ ಕೈಯಲ್ಲಿ ಹಿಡ್ಕೊಂಡು, ಬರಿಗಾಲಲ್ಲಿ ಅವರ ಅಂಗಳಕ್ಕೆ ಹೋದ. ಅವರು ಅದನ್ನ ತಗೊಂಡ್ರೆ ಕ್ಷಮಿಸಿದ ಹಾಗೆ, ಕೈಗೆ ಕೊಡೋದೊಂದೇ ಬಾಕಿ. ಅಷ್ಟರಲ್ಲಿ ಜಾರಿ ಮಣ್ಣಿಗೆ ಬಿತ್ತು. ಬೇಕಂತ್ಲೇ ಎಸೆದು ಅವಮಾನ ಮಾಡ್ದ ಅಂತ ಅವರು ಕೋವಿ ಎತ್ತಿದ್ರು."

ಅವಳು ತಲೆವಸ್ತ್ರದ ಅಂಚಿನಿಂದ ಬಾಯಿ ಒರೆಸಿಕೊಂಡಳು.

"ಅದೇ ಬಟ್ಟೇಲಿ ಸುತ್ತಿ ಮಣ್ಣು ಮಾಡಿದ್ವಿ."