ಆ ಒಂದು ಗೋಲು

ಸಂಜೆ ಆರಕ್ಕೆ ಎಂದಿನಂತೆ ನಾಳಿನ ಫುಟ್‌ಬಾಲ್ ಫಲಿತಾಂಶ ರೇಡಿಯೋದಲ್ಲಿ ಬಂತು: ಪಣಂಬೂರು ಮೂರು, ಉಳ್ಳಾಲ ಒಂದು. ಆಡಿದ ಪಂದ್ಯಗಳಲ್ಲಿ ಈ ಪ್ರಕಟಣೆ ಎಂದೂ ಸುಳ್ಳಾಗಿಲ್ಲ. ಸೋಲಲಿರುವ ತಂಡ ಅಂದೇ ಹಿಂದೆ ಸರಿದರೆ ಪಂದ್ಯ ರದ್ದಾಗುತ್ತದೆ, ಸೋಲು ದಾಖಲಾಗುವುದಿಲ್ಲ. ಉಳ್ಳಾಲ ಈವರೆಗೆ ಅಜೇಯವಾಗಿ ಉಳಿದದ್ದು ಹೀಗೆಯೇ. ಪಣಂಬೂರು ಮಾತ್ರ ಎಲ್ಲ ಪಂದ್ಯಗಳನ್ನೂ ಆಡಿ ಗೆದ್ದಿತ್ತು.

"ಬರುದಿಲ್ಲ ಅಂತ ಫೋನ್ ಮಾಡುವಾ," ಎಂದರು ಉಳ್ಳಾಲದ ಕೋಚ್ ಮೋನಪ್ಪ.

ನಾಯಕ ಇಲ್ಯಾಸ್ ಬೂಟು ಒರೆಸುತ್ತಲೇ ಇದ್ದ. "ಎಂತ ಸಾರ್, ಆ ಒಂದು ಗೋಲು ನಮ್ದಲ್ವಾ? ಪಣಂಬೂರಿನವರಿಗೆ ಈ ವರ್ಷ ಯಾರೂ ಗೋಲು ಹೊಡಿಲಿಲ್ಲ. ನಾವು ಹೋಗದಿದ್ರೆ ಅದನ್ನು ಹೊಡೆಯುದು ಯಾರು ಮಾರಾಯ್ರೆ?"

ಕೋಚ್ ಫೋನ್ ಕೆಳಗಿಟ್ಟರು. "ನಮ್ಮಲ್ಲಿ ಯಾರು ಹೊಡೆಯುದು ಅಂತ ರೇಡಿಯೋದವ ಹೇಳಲಿಲ್ಲ. ನಾಳೆ ಎಲ್ಲರೂ ಓಡಿ."

ಮರುದಿನ ಮೊದಲ ಗೋಲು ಹೊಡೆದದ್ದು ಉಳ್ಳಾಲ. ಅರ್ಧಾವಧಿಯ ವಿರಾಮದವರೆಗೂ ಅವರೇ ಮುಂದಿದ್ದರು.