ಸೊಸೆ ಕ್ಯಾಮೆರಾ ಹಚ್ಚಿದಳು

"ಭೇಷ್ ಕಣಯ್ಯಾ! ಅದ್ಭುತವಾದ ಕೆಲಸ," ಎಂದು ಬಸ್ ಕಂಪನಿಯ ಮೇಲಧಿಕಾರಿ ನಗುಮುಖನ ಬೆನ್ನು ತಟ್ಟಿದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ ಕಾಣಿಸಿದಾಗ, ಮನೆಯಲ್ಲಿ ಮಂಚಕ್ಕೆ ಒರಗಿ ಕೂತಿದ್ದ ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಆ ಕೆಲಸ ನಗುಮುಖನದಲ್ಲ. ಎದುರಿಗೇ ಮೇಜಿನ ಬಳಿ ತುಟಿಪಿಟಿಕ್ಕೆನ್ನದೆ ಕೂತಿದ್ದಳಲ್ಲ ಸೊಸೆ, ಅವಳದು.

ಆಸ್ಪತ್ರೆಯ ದಾದಿಯರು ಪಾಳಿ ಮುಗಿಸಿ ಗೇಟು ದಾಟುವಷ್ಟರಲ್ಲಿ ಬಸ್ಸು ಅವರ ಕಣ್ಣೆದುರೇ ಹೊರಟುಹೋಗುತ್ತಿತ್ತು. ಸೊಸೆ ದಾದಿಯರಿಗೆ, ಚಾಲಕರಿಗೆ ಫೋನು ಹಚ್ಚಿ ಹಚ್ಚಿ, ಆ ಮಾರ್ಗದ ವೇಳಾಪಟ್ಟಿಯನ್ನು ಬುಡದಿಂದ ಬಿಚ್ಚಿ ಹೊಸದಾಗಿ ಹೆಣೆದಿದ್ದಳು. ನಗುಮುಖ ಅವಳ ಸಹೋದ್ಯೋಗಿ, ಸದಾ ನಗುತ್ತಿರುತ್ತಾನೆಂದು ಅತ್ತೆಯೇ ಇಟ್ಟ ಹೆಸರು ಅದು. ಆಫೀಸಿನಲ್ಲಿ ಅವನ ಕುರ್ಚಿ ಮೇಲಧಿಕಾರಿಯ ಕಣ್ಣಳತೆಯಲ್ಲೇ ಇತ್ತು. ಕೆಟ್ಟವನೇನಲ್ಲ, ತಾನಾಗಿ ಬಂದ ಹೊಗಳಿಕೆಯನ್ನು ಬೇಡವೆನ್ನಲು ನಾಲಿಗೆ ಏಳದವನು, ಅಷ್ಟೆ. ವಿಭಾಗದ ಮುಖ್ಯಸ್ಥರ ಸ್ಥಾನ ಖಾಲಿಯಾಗಿತ್ತು. ಅದು ಅವನಿಗೇ ಎಂದು ಎಲ್ಲರೂ ಆಗಲೇ ಮಾತಾಡಿಕೊಳ್ಳುತ್ತಿದ್ದರು.

ಅತ್ತೆಯ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು ಅವರು. ಮಗ ಹಡಗಿನಲ್ಲಿ, ಎಲ್ಲೋ ಸಮುದ್ರದ ನಡುವೆ. "ಒಂದಿಷ್ಟು ದಿನ ಮನೆಯಿಂದಲೇ ಕೆಲಸ ಮಾಡ್ತೀನಿ, ಬಿಡಿ ಅತ್ತೆ," ಎಂದು ಸೊಸೆ ಹಗುರವಾಗಿ ಹೇಳಿ ಅವರ ಕೋಣೆಯಲ್ಲೇ ಮೇಜು ಹಾಕಿಕೊಂಡಿದ್ದಳು. ಅಂದಿನಿಂದ ಕೆಲಸ ಹೆಚ್ಚುತ್ತ ಹೋಯಿತು. ಅವಳ ಹೆಸರು ಮಾತ್ರ ಮಾಯವಾಗುತ್ತ ಬಂತು.

"ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?" ಅತ್ತೆ ಗದರಿದರು.

"ಶ್! ಮೀಟಿಂಗ್ ನಡೀತಿದೆ ಅತ್ತೆ."

"ಮ್ಯೂಟಲ್ಲಿದೆ, ನನಗೂ ಕಾಣತ್ತೆ. ನಂದು ಅಂತ ಹೇಳೇ!"

"ಎಲ್ಲರ ಮುಂದೆ ಜಗಳ ತೆಗೆದ ಹಾಗಾಗತ್ತೆ."

"ಜಗಳ ಆಡು ಅಂದವರ್ಯಾರು? ಇಡೀ ಸ್ಕೂಲಿಗೆ ಡ್ರಿಲ್ ಹೇಳಿಕೊಟ್ಟವಳು ಕಣೇ ನಾನು. ಕೊನೇ ಸಾಲಲ್ಲಿ ನಿಂತೋಳು ಎಷ್ಟೇ ಚೆನ್ನಾಗಿ ಮಾಡಲಿ, ಮುಂದಿನ ಸಾಲಿನ ತಲೆಗಳೇ ಅಡ್ಡ ಬರ್ತಿದ್ವು. ಒಂದು ಹೆಜ್ಜೆ ಪಕ್ಕಕ್ಕೆ ಬಂದು ನಿಂತ್ಕೋ. ಸಾಕು."

ಸೊಸೆಗೆ ನಗು ಬಂತು. ಅಷ್ಟರಲ್ಲಿ ಪರದೆಯೊಳಗಿಂದ ಮೇಲಧಿಕಾರಿ, "ಇನ್ನೇನಾದ್ರೂ ಹೇಳೋದಿದೆಯಾ? ಇಲ್ಲಾಂದ್ರೆ ಮುಗಿಸೋಣ," ಎಂದರು. ಸೊಸೆ ಕೆದರಿದ ಕೂದಲನ್ನು ಸರಿಮಾಡಿಕೊಳ್ಳಲಿಲ್ಲ. ಬೆನ್ನ ಹಿಂದಿನ ಕುರ್ಚಿಯಲ್ಲಿ ಗುಡ್ಡೆಬಿದ್ದಿದ್ದ ಒಗೆದ ಬಟ್ಟೆಗಳನ್ನು ಎತ್ತಿಡಲೂ ಇಲ್ಲ. ಹಾಗೆಯೇ ಮ್ಯೂಟ್ ತೆಗೆದು ಕ್ಯಾಮೆರಾ ಹಚ್ಚಿದಳು.

"ಒಂದು ನಿಮಿಷ ಸರ್. ಆಸ್ಪತ್ರೆ ಮಾರ್ಗದ ವೇಳಾಪಟ್ಟಿ ಮಾಡಿದ್ದು ನಾನು."

ಆಫೀಸಿನ ಕೋಣೆಯಲ್ಲಿ ತಲೆಗಳೆಲ್ಲ ಪರದೆಯತ್ತ ತಿರುಗಿದವು. ಸೊಸೆ ಮುಂದುವರಿಸಿದಳು. "ಪ್ರಯಾಣಿಕರ ಲೆಕ್ಕ ನನ್ನದಲ್ಲ ಸರ್, ನಮ್ಮ ಗಣತಿ ಹುಡುಗೀದು. ಹೆರಿಗೆ ಆದ್ಮೇಲೆ ಅವಳೂ ಮನೆಯಿಂದಲೇ ಕೆಲಸ ಮಾಡ್ತಿದ್ದಾಳೆ. ಈ ಮೀಟಿಂಗಲ್ಲೂ ಇದ್ದಾಳೆ, ಆದ್ರೆ ಯಾರ ಬಾಯಲ್ಲೂ ಅವಳ ಹೆಸರು ಬಂದಿಲ್ಲ. ಅವಳ ಲೆಕ್ಕ ಇಲ್ದಿದ್ರೆ ನಂದು ಬರೀ ಊಹೆ ಆಗ್ತಿತ್ತು. ನಿಮ್ಮ ಪಕ್ಕದಲ್ಲಿದ್ದಾರಲ್ಲ, ಅವರು ಇಷ್ಟು ಚೆನ್ನಾಗಿ ಬಿಡಿಸಿ ಹೇಳದೆ ಹೋಗಿದ್ರೆ ಇದು ನಿಮಗೆ ಹಿಡಿಸ್ತಾನೂ ಇರಲಿಲ್ಲ."

ನಗುಮುಖನ ಮುಖದಲ್ಲಿ ನಗು ಉಳಿದಿರಲಿಲ್ಲ. "ಹೌದು ಸರ್. ಅದನ್ನ ನಾನೇ ಹೇಳಬೇಕಿತ್ತು," ಎಂದ, ತಲೆ ಕೆರೆದುಕೊಳ್ಳುತ್ತ.

ಇಷ್ಟಾಯಿತಲ್ಲ ಎಂದು ಅತ್ತೆ ದಿಂಬಿಗೆ ಒರಗುವವರಿದ್ದರು. ಸೊಸೆ ಇನ್ನೂ ಮುಗಿಸಿರಲಿಲ್ಲ. "ಇನ್ನೊಂದು ಮಾತು ಸರ್. ಮುಖ್ಯಸ್ಥರ ಹುದ್ದೆ ನನಗೆ ಬೇಕು. ಸಂದರ್ಶನಕ್ಕೆ ನನ್ನನ್ನೂ ಕರೀರಿ."

ಅತ್ತೆಯ ಕೈಯಲ್ಲಿದ್ದ ನೀರಿನ ಲೋಟ ಬಾಯಿಯ ಹತ್ತಿರವೇ ನಿಂತಿತು. ಈ ಪಾಠ ಅವರು ಹೇಳಿಕೊಟ್ಟದ್ದಲ್ಲ. ಬೇಕು! ಎಷ್ಟು ನೆಟ್ಟಗೆ ಹೇಳಿಬಿಟ್ಟಳು! ತಮ್ಮ ಆಯುಷ್ಯದಲ್ಲಿ ಎಂದಾದರೂ ತಾವು ಯಾರ ಮುಂದಾದರೂ ಈ ಮಾತನ್ನು ಹೀಗೆ ಹೇಳಿದ್ದುಂಟೇ?

"ನೀವು ಆಫೀಸಿಗೇ ಬರಲ್ವಲ್ಲಮ್ಮ," ಎಂದರು ಮೇಲಧಿಕಾರಿ. "ಈ ಹುದ್ದೇಲಿರೋರು ಕಣ್ಣೆದುರಿಗೆ ಇರಬೇಕಾಗತ್ತೆ."

"ಬಸ್ಸು ಓಡೋದು ಬೀದೀಲಿ ಅಲ್ವಾ ಸರ್? ಬೀದೀಲಿ ತೊಂದರೆ ಆದ್ರೆ ಚಾಲಕರು ಯಾರಿಗೆ ಫೋನ್ ಮಾಡ್ತಾರೆ ಅಂತ ಅವರನ್ನೇ ಒಂದು ಮಾತು ಕೇಳಿ."

ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪರದೆಯ ಹತ್ತಿರ ಬಗ್ಗಿ, ಹೊಸಬರನ್ನು ನೋಡುವಂತೆ ಅವಳನ್ನು ನೋಡಿದರು. "ಕೇಳ್ತೀನಿ. ಸೋಮವಾರ ಸಂದರ್ಶನಕ್ಕೆ ಬನ್ನಿ. ಅಲ್ಲ, ಬರೋದು ಬೇಡ. ಅಲ್ಲಿಂದಲೇ ಮಾತಾಡಿ."

ಅವರು ಚಾಲಕರನ್ನು ಕೇಳಿದರು. ಹುದ್ದೆ ಸೊಸೆಗೇ ಸಿಕ್ಕಿತು. ಆದರೆ ತಮ್ಮನ್ನು ನೋಡಲು ಬಂದವರಿಗೆಲ್ಲ ಅತ್ತೆ ಬಾಯಿತುಂಬ ಹೇಳುವುದು ಆ ಸುದ್ದಿಯನ್ನಲ್ಲ. ಅವರು ಹೇಳುವುದು, ಅಂದು ಮೀಟಿಂಗ್ ಮುಗಿಯುವ ಹೊತ್ತಿಗೆ ಪರದೆಯ ಮೂಲೆಯ ಕಪ್ಪು ಚೌಕವೊಂದು ಫಕ್ಕನೆ ಬೆಳಗಿದ್ದನ್ನು. ಅದರೊಳಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿಲ್ಲದ ಆ ಗಣತಿ ಹುಡುಗಿ. ಅವಳ ಹೆಗಲ ಮೇಲೆ ಆಗತಾನೇ ಕಣ್ಣು ಮುಚ್ಚಿದ ಕೂಸು. ಮಾತಾಡಿದರೆ ಎಚ್ಚರವಾದೀತೆಂದು ಅವಳು ಸುಮ್ಮನೆ ಕೈ ಬೀಸಿದಳು. ಅವಳಿಗೆ ತಾವು ಯಾರೆಂದೇ ಗೊತ್ತಿಲ್ಲ ಎಂಬುದನ್ನು ಮರೆತು, ಅತ್ತೆಯೂ ಮಂಚದಿಂದಲೇ ಕೈ ಬೀಸಿದರು.